ಸೋಲಬೇಕಾದ ದೋಣಿ

ಗಾರ್ಸಾ ದ್ವೀಪ
ಮಾರ್ಚ್ ೯

ಶ್ರೀಮನ್ಮಹಾಜಲಮಾಪಕ, ಹುಲಿಬಾಯಿ ಕಮರಿಯ ಏಕಚ್ಛತ್ರಾಧಿಪತಿ, ಅಳತೆಗೋಲಧಾರಿ, ಬೆಟ್ಟದ ಸೊಳ್ಳೆಕುಲಕ್ಕೆ ಅನ್ನದಾತ, ಅಜ್ಜಿಯ ಮುನಿಸಿಗೆ ಏಕಮಾತ್ರ ವಾರಸುದಾರ, ನನ್ನ ಅಣ್ಣನವರಾದ ಎವಾರಿಸ್ತೊ ಮಹಾಪ್ರಭುಗಳ ದಿವ್ಯ ಪಾದುಕೆಗಳಿಗೆ (ಅಂದರೆ ಹೇಳದೆ ಕೇಳದೆ ನೀನು ಹಾಕಿಕೊಂಡು ಹೋದ ನನ್ನ ರಬ್ಬರ್ ಬೂಟುಗಳಿಗೆ) ದ್ವೀಪವಾಸಿನಿ ನಿಕಾ ಅಡ್ಡಬಿದ್ದು ಮಾಡಿಕೊಳ್ಳುವ ಬಿನ್ನಹ.

ಪ್ರಭುಗಳಿಗೆ ಗೊತ್ತಿರುವುದನ್ನೇ ಮತ್ತೊಮ್ಮೆ ಅರಿಕೆ ಮಾಡುವುದು ಇಂಥ ಬಿನ್ನಹಗಳ ಸಂಪ್ರದಾಯ. ಆದ್ದರಿಂದ ಕೇಳೋಣವಾಗಲಿ. ಬೆಟ್ಟದಲ್ಲಿ ಹುಟ್ಟಿ ಅಮಾತ್ಲಾ ಎಂಬ ಹೆಸರಿನಿಂದ ಹರಿಯುವ ನದಿಯೊಂದುಂಟು. ಮಳೆಗಾಲದ ಮೊದಲ ಕೆಂಪು ನೀರನ್ನು ಅದು ತಂದು ನಮ್ಮ ಅಳಿವೆಗೆ ಸುರಿದರೆ ಸೀಗಡಿ ಉಂಟು. ಸೀಗಡಿ ಇದ್ದರೆ ನಾವುಂಟು. ಆ ನದಿಗೆ ಹುಲಿಬಾಯಿ ಕಮರಿಯಲ್ಲಿ ಅಣೆಕಟ್ಟು ಕಟ್ಟುತ್ತೇವೆಂದು ಕಂಪನಿಯೊಂದು ಹೊರಟಿದೆ. ನಮ್ಮ ಮೀನುಗಾರರ ಸಂಘ ಒಪ್ಪಿಗೆಗೆ ರುಜು ಹಾಕಿದರೆ ಕೆಲಸ ಶುರು, ಹಾಕದಿದ್ದರೆ ಇಲ್ಲ. ಈ ನಡುವೆ ಆ ಕಂಪನಿಗೆ ನದಿಯ ನೀರನ್ನು ಅಳೆದುಕೊಡಲು ನಮ್ಮ ದ್ವೀಪದವನೇ ಆದ ಮಹಾನುಭಾವನೊಬ್ಬ, ತಂಗಿಯ ಬೂಟು ಹಾಕಿಕೊಂಡು, ಬೆಟ್ಟ ಹತ್ತಿ ಹೋಗಿದ್ದಾನೆ.

ಅವನು ಹೋದ ದಿನದಿಂದ ಅಜ್ಜಿಯ ಬಾಯಲ್ಲಿ ಅವನ ಹೆಸರು ಬಂದಿಲ್ಲ. ಹೇಳಲೇಬೇಕಾಗಿ ಬಂದರೆ 'ಆ ಕಡೆಯವನು' ಅನ್ನುತ್ತಾಳೆ. ಮೊನ್ನೆ ಮೀನು ಸುಡುತ್ತ ಕೂತವಳು ಇದ್ದಕ್ಕಿದ್ದಂತೆ ಅಳಿವೆಯ ಕಾಂಡ್ಲಾ ಮರದ ಕೆಂಡವನ್ನು ಕೆದಕಿ, ಅಣೆಕಟ್ಟಿನ ಕೆಲಸ ಮಾಡುವವನ ಕಾಲು ತನ್ನ ಹೊಸಿಲು ತುಳಿಯಕೂಡದು ಎಂದು ಬೆಂಕಿಗೇ ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ. ಬೆಂಕಿಯ ಪರವಾಗಿ ನಾನೇ ಹೂಂಗುಟ್ಟಿದೆ.

ಅಲ್ಲಿಗೆ ಫೋನು ತಗಲುವುದಿಲ್ಲವಂತೆ. ಈ ಕಾಗದವನ್ನು ದೋಣಿಯಲ್ಲಿ ಬರುವ ಬ್ರೆಡ್ಡಿನವನು ಆಚೆ ದಡದ ಊರಿಗೆ ಒಯ್ದು, ಅಲ್ಲಿಂದ ಹಿಟ್ಟಿನ ಲಾರಿಗೆ ಕೊಡುತ್ತಾನೆ. ಉತ್ತರ ಅದೇ ದಾರಿಯಲ್ಲಿ ಬರಲಿ. ಹಿಟ್ಟು ಮೆತ್ತಿಕೊಂಡಿದ್ದರೂ ಪರವಾಗಿಲ್ಲ.

ಬೂಟಿಲ್ಲದ ಪಾದದ,
ನಿಕಾ


ಹುಲಿಬಾಯಿ
ಮಾರ್ಚ್ ೩೦

ನಿಕಾ,

ಬೂಟು ನಿನ್ನದೆಂದು ಇಲ್ಲಿಗೆ ಬಂದಮೇಲೆ ಬೆರಳು ಮಡಚಿಕೊಂಡಾಗ ಗೊತ್ತಾಯಿತು.

ಇಲ್ಲಿ ಕೆಲಸ ಸರಳ. ಕಮರಿಗೆ ಅಡ್ಡಲಾಗಿ ಉಕ್ಕಿನ ಹಗ್ಗ ಕಟ್ಟಿದ್ದಾರೆ. ಅದಕ್ಕೊಂದು ತೊಟ್ಟಿಲಿನಂಥ ಪೆಟ್ಟಿಗೆ. ಅದರಲ್ಲಿ ಕೂತು ಕೈಯಿಂದ ಎಳೆದುಕೊಂಡು ನದಿಯ ನಡುವಿಗೆ ಹೋಗಿ, ಅಳತೆಯ ಯಂತ್ರವನ್ನು ನೀರಿಗೆ ಇಳಿಸಬೇಕು. ಈಗ ನೀರು ಕಡಿಮೆ. ಕಲ್ಲುಗಳ ಮಧ್ಯೆ ಹಸಿರಾಗಿ, ಸದ್ದಿಲ್ಲದೆ ಹೋಗುತ್ತದೆ.

ಅಣೆಕಟ್ಟು ಬಂದರೆ ನೀರು ನಿಂತುಹೋಗುವುದಿಲ್ಲ ಎಂದು ನಿಮಗೆಲ್ಲ ಯಾರಾದರೂ ತಿಳಿಸಿ ಹೇಳಬೇಕು. ವರ್ಷವಿಡೀ ಒಂದೇ ಸಮನೆ ಬಿಡುತ್ತಾರೆ. ನೆರೆಯೂ ಇಲ್ಲ, ಬರವೂ ಇಲ್ಲ. ಅಪ್ಪ ಇದ್ದಿದ್ದರೆ ಒಪ್ಪುತ್ತಿದ್ದನೋ ಏನೋ. ಕಳೆದ ಮೂರು ಹಂಗಾಮಿನಲ್ಲಿ, ಕಾಲುವೆಗೆ ಅಡ್ಡ ಕಟ್ಟುವ ನಮ್ಮ ಸೀಗಡಿ ತಟ್ಟಿಗೆ ಬಿದ್ದದ್ದೆಷ್ಟು ಎನ್ನುವುದು ನಿನಗೂ ಗೊತ್ತು. ಯಾರಾದರೊಬ್ಬರು ಈ ನದಿಯನ್ನು ಅಳೆಯುತ್ತಾರೆ. ನದಿಯ ಪರಿಚಯ ಇರುವವನೇ ಅಳೆಯಲಿ ಅಂತ ಬಂದೆ.

ಅಜ್ಜಿಯ ಮಂಡಿನೋವು ಹೇಗಿದೆ? ನಾನು ಕೇಳಿದೆ ಎಂದು ಹೇಳಬೇಡ.

ಎವಾರಿಸ್ತೊ


ಗಾರ್ಸಾ ದ್ವೀಪ
ಏಪ್ರಿಲ್ ೨೪

ಸಮಪ್ರವಾಹಪ್ರಿಯರಾದ ಅಣ್ಣನವರ ಸನ್ನಿಧಿಗೆ,

ಅಜ್ಜಿಯ ಮಂಡಿ ಕ್ಷೇಮ. ನೀನು ಕೇಳಿದೆ ಎಂದು ನಾನು ಹೇಳಲಿಲ್ಲ. 'ಯಾರೋ ಕೇಳಿದರು' ಎಂದೆ. "ಆ ಯಾರೋಗೆ ಹೇಳು, ಮಂಡಿ ಬಗ್ಗಿದರೆ ನೋಯುತ್ತೆ, ಅದಕ್ಕೇ ನಾನು ಯಾರ ಮುಂದೂ ಬಗ್ಗಲ್ಲ ಅಂತ," ಅಂದಳು. ತಲುಪಿಸಿದ್ದೇನೆ.

ಕಂಪನಿಯ ಇಂಜಿನಿಯರ್ ಬಾಲ್ದೆರಾಸ್ ನಮ್ಮಲ್ಲಿಗೆ ದಯಮಾಡಿಸಿದ್ದರು. ಕೆಟ್ಟ ಮನುಷ್ಯ ಎಂದು ಹೇಳುವಂತಿಲ್ಲ. ಸೀಗಡಿ ಉಂಡೆಯ ಸಾರನ್ನು ಮೂರು ಸಲ ಹಾಕಿಸಿಕೊಂಡು ಊಟ ಮಾಡಿದರು, ಮಕ್ಕಳ ಹೆಸರು ಕೇಳಿದರು, ಒಂದು ಮಗುವಿನ ಹೆಸರನ್ನು ಹೊರಡುವಾಗಲೂ ನೆನಪಿಟ್ಟುಕೊಂಡಿದ್ದರು. ಸಂಘಕ್ಕೆ ಮಂಜುಗಡ್ಡೆ ಕಾರ್ಖಾನೆ ಕೊಡುತ್ತಾರಂತೆ. ಮಳೆಗಾಲದಲ್ಲಿ ಬೀದಿಗೆ ನೀರು ನುಗ್ಗದ ಹಾಗೆ ದ್ವೀಪದ ಸುತ್ತ ಕಲ್ಲಿನ ಕಟ್ಟೆಯಂತೆ. ಇನ್ನು ಮೇಲೆ ಬೀದಿಯಲ್ಲಿ ದೋಣಿ ನಡೆಸಬೇಕಾಗಿಲ್ಲ ಎಂದು ಅವರು ಸಂತೋಷದಿಂದ ಹೇಳಿದಾಗ ಮಕ್ಕಳೆಲ್ಲ ಮುಖ ಮುಖ ನೋಡಿಕೊಂಡರು. ಬೀದಿಯಲ್ಲಿ ದೋಣಿ ನಡೆಸುವುದು ಬಿಟ್ಟರೆ ಅವರಿಗೆ ಮಳೆಗಾಲದಲ್ಲಿ ಬೇರೆ ಕಸುಬೇನಿದೆ?

ಸಂಘದ ಅಧ್ಯಕ್ಷ ಇಲಾರಿಯೊ ದೊಡ್ಡಪ್ಪ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಅವನ ಇಬ್ಬರು ಗಂಡುಮಕ್ಕಳೂ ಮೇಲಿನ ಕರಾವಳಿಯ ಹೋಟೆಲುಗಳಲ್ಲಿ ಹಾಸಿಗೆ ಬದಲಾಯಿಸುತ್ತಿದ್ದಾರೆ. ಮಂಜುಗಡ್ಡೆ ಬಂದರೆ ಹುಡುಗರು ವಾಪಸು ಬರುತ್ತಾರೇನೋ ಎಂಬ ಆಸೆ ಅವನ ಬೋಳುತಲೆಯ ಮೇಲೇ ಕಾಣುತ್ತಿತ್ತು. ಅರ್ಧ ಊರು ಅವನ ಹಾಗೆ. ಇನ್ನರ್ಧ ಊರು ಅಜ್ಜಿಯ ಹಾಗೆ. ಹಬ್ಬ ಮುಗಿದ ಭಾನುವಾರ ಸಭೆ. ಅಲ್ಲಿ ಕೈ ಎತ್ತಿ ತೀರ್ಮಾನ.

ಈಗ ನಿನ್ನ ತಂಗಿಗೆ ಒದಗಿ ಬಂದ ಪದವಿಯ ವಿಚಾರ. ಎದ್ದು ನಿಂತು ಓದುವುದು.

ಜೂನ್ ಕೊನೆಯ ಹಬ್ಬದಲ್ಲಿ ಇಗರ್ಜಿಯ ಮರದ ಮೂರ್ತಿಗಳಾದ ಸಂತ ಪೇದ್ರೊ ಒಂದು ದೋಣಿಯಲ್ಲಿ, ಸಂತ ಪಾಬ್ಲೊ ಇನ್ನೊಂದು ದೋಣಿಯಲ್ಲಿ ನಿಂತು ದ್ವೀಪ ಸುತ್ತುವ ಪಂದ್ಯದಲ್ಲಿ ಪೇದ್ರೊನೇ ಗೆಲ್ಲಬೇಕು, ಪಾಬ್ಲೊ ಗೆದ್ದರೆ ಆ ವರ್ಷ ಸೀಗಡಿ ಬರುವುದಿಲ್ಲ ಎಂಬುದು ಹುಟ್ಟುವ ಮೊದಲೇ ನಾವು ಕಲಿತ ಪಾಠವಷ್ಟೆ. ಹಾಗಾಗಿ ಪೇದ್ರೊನ ದೋಣಿಗೆ ಊರಿನ ಹುಲಿಗಳು, ಚೆಲಾವೊ ಚಿಕ್ಕಪ್ಪನ ನಾಯಕತ್ವದಲ್ಲಿ. ಪಾಬ್ಲೊನ ದೋಣಿಗೆ, ಸೋಲುವ ಕಲೆಯಲ್ಲಿ ಪಳಗಿದ ಗಂಭೀರ ಪುರುಷರು. ಕೊನೆಯಲ್ಲಿ, ದಡ ಕಣ್ಣಿಗೆ ಬಿದ್ದಾಗ, ಅವರೆಲ್ಲ ಹುಟ್ಟುಗಳನ್ನು ನೆಟ್ಟಗೆ ಮೇಲೆತ್ತಿ ಪೇದ್ರೊನಿಗೆ ದಾರಿ ಬಿಡಬೇಕು. ಜಗತ್ತಿನಲ್ಲಿ ಎಷ್ಟೋ ಜನ ಸೋಲುತ್ತಾರೆ. ಇಷ್ಟು ಭಯಭಕ್ತಿಯಿಂದ ಸೋಲುವವರು ನಮ್ಮಲ್ಲಿ ಮಾತ್ರ.

ಈ ಸಲ ಪಾಬ್ಲೊನ ದೋಣಿಗೆ ಹಿಂದೆ ಕೂತು ಚುಕ್ಕಾಣಿ ಹುಟ್ಟು ಹಿಡಿಯುವವರು ಸಿಗಲಿಲ್ಲ. ಹಿಡಿಯುತ್ತಿದ್ದವನೂ ಹೋಟೆಲು ಸೇರಿದ. ನಾನು ಕೈ ಎತ್ತಿದೆ. ಹೆಂಗಸು ಸಂತರ ದೋಣಿ ಹತ್ತುವುದುಂಟೇ ಎಂದು ದೊಡ್ಡ ವಾದವೇ ಆಯಿತು. ಕೊನೆಗೆ ಚೆಲಾವೊ ಚಿಕ್ಕಪ್ಪ ತೀರ್ಪು ಕೊಟ್ಟ: "ಹತ್ತಲಿ ಬಿಡ್ರೋ, ಹೆಂಗಿದ್ರೂ ಸೋಲೋ ದೋಣಿ ತಾನೆ."

ಹೀಗೆ ನಮ್ಮ ದ್ವೀಪದ ಇತಿಹಾಸದಲ್ಲಿ ಹೆಣ್ಣುಮಕ್ಕಳಿಗೆ ಮೊದಲ ಬಾಗಿಲು ತೆರೆಯಿತು.

ಸೋಲಿನ ಅಧಿಕೃತ ಚುಕ್ಕಾಣಿಗಾರ್ತಿ,
ನಿಕಾ


ಹುಲಿಬಾಯಿ
ಮೇ ೧೭

ನಿಕಾ,

ನಿನ್ನ ಕಾಗದವನ್ನು ಎದ್ದು ನಿಂತೇ ಓದಿದೆ. ತೊಟ್ಟಿಲಲ್ಲಿದ್ದೆ, ಎದ್ದು ನಿಲ್ಲಬಾರದಿತ್ತು. ನಕ್ಕದ್ದಕ್ಕೆ ಹಗ್ಗವೆಲ್ಲ ಅಲ್ಲಾಡಿತು.

ಇಲ್ಲಿಗೆ ಬೆಟ್ಟದ ಕೋರಾ ಬುಡಕಟ್ಟಿನ ಮುದುಕನೊಬ್ಬ ಬರುತ್ತಾನೆ. ತ್ರಿನಿದಾದ್ ಅಂತ. ಮೇಲಿನ ಊರಿನವನು. ನಾವು ಚಿಕ್ಕವರಿದ್ದಾಗ ಬೆಟ್ಟದ ಜನ ನಡೆದುಕೊಂಡು ಸಮುದ್ರಕ್ಕೆ ಬರುತ್ತಿದ್ದರಲ್ಲ, ಸೋರೆಬುರುಡೆಯಲ್ಲಿ ಒರತೆಯ ನೀರು ತಂದು ಅಲೆಗೆ ಸುರಿದು, ಉಪ್ಪುನೀರು ತುಂಬಿಕೊಂಡು ಹೋಗುತ್ತಿದ್ದರಲ್ಲ, ಅವರಲ್ಲಿ ಇವನೂ ಒಬ್ಬ. ಒಂದು ವರ್ಷ ತನ್ನ ಟೋಪಿಯೊಳಗೆ ಯಾರೋ ಏಡಿ ಬಿಟ್ಟಿದ್ದರು ಎಂದು ಹೇಳಿದ. ಯಾರು ಅಂತ ನನಗೆ ಗೊತ್ತಿಲ್ಲವೆಂದೆ.

ಮೊದಮೊದಲು ಅವನು ಸುಮ್ಮನೆ ಕೂತು ನನ್ನ ಕೆಲಸ ನೋಡುತ್ತಿದ್ದ. ಆಮೇಲೊಂದು ದಿನ ಕೇಳಿದ: "ಅಳೆದದ್ದನ್ನ ಯಾರಿಗೆ ಹೇಳ್ತೀಯಪ್ಪಾ?"

ಕಂಪನಿಗೆ ಎಂದೆ.

"ನದಿಗೂ ಹೇಳ್ತೀಯಾ?"

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಬೇರೆಯವರ ಮೈ ಅಳೆದರೆ ಅವರಿಗೊಂದು ಮಾತು ಹೇಳುವುದು ಮರ್ಯಾದೆ ಅನ್ನುವ ಹಾಗಿತ್ತು. ಮಾರನೆಯ ದಿನದಿಂದ ನಾನು ಅಳತೆ ಬರೆದುಕೊಂಡಮೇಲೆ ಮೆಲ್ಲಗೆ ಒಂದು ಸಲ ಹೇಳುತ್ತೇನೆ. ಯಾರೂ ಇಲ್ಲದಾಗ. ನೀನು ಯಾರಿಗೂ ಹೇಳಬೇಡ.

ನದಿಯ ನಡುವೆ ಇಲ್ಲೊಂದು ಬಂಡೆಯಿದೆ, ನಮ್ಮ ಇಗರ್ಜಿಗಿಂತ ಎತ್ತರ. ಅವರ ಜನ ಅದಕ್ಕೆ ಹತ್ತಿಯನ್ನು ಅಂಟಿಸಿ ಹೋಗುತ್ತಾರೆ, ಮೋಡದ ಹಾಗೆ. ಅಣೆಕಟ್ಟು ಬಂದರೆ ಅದು ಮುಳುಗುತ್ತದೆ. ನಾನು ಅದರ ಬುಡದಲ್ಲಿ ನಿಂತು ಮೇಲೆ ನೋಡಿದೆ. ನನ್ನ ತಲೆಗಿಂತ ಎಷ್ಟೋ ಮೇಲೆ, ಬಂಡೆಯ ಬಿರುಕಿನಲ್ಲಿ, ಒಂದು ಇಡೀ ಮರ ಸಿಕ್ಕಿಕೊಂಡಿತ್ತು, ಬೇರು ಸಮೇತ. ಯಾರು ತಂದಿಟ್ಟರು ಎಂದು ಕೇಳಿದೆ. ತ್ರಿನಿದಾದ್ ತಾತ ಕಾಲಡಿ ಹರಿಯುತ್ತಿದ್ದ, ಪಾದ ಮುಳುಗದಷ್ಟು ನೀರನ್ನು ತೋರಿಸಿದ.

ಅಂದಿನಿಂದ ತೊಟ್ಟಿಲಲ್ಲಿ ಕೂತಾಗಲೆಲ್ಲ ಆ ಮರದತ್ತ ನೋಡದಿರಲು ಪ್ರಯತ್ನಿಸುತ್ತೇನೆ.

ಎವಾರಿಸ್ತೊ


ಗಾರ್ಸಾ ದ್ವೀಪ
ಜೂನ್ ೭

ಅಣ್ಣಾ,

ಈ ಸಲ ಬಿರುದುಗಳಿಲ್ಲ. ಬಿಸಿಲಿಗೆ ಒಣಗಿಹೋಗಿವೆ.

ಅಳಿವೆಯ ನೀರು ಇಷ್ಟು ಉಪ್ಪಾದದ್ದನ್ನು ನಾನು ನೋಡಿರಲಿಲ್ಲ. ಕಾಂಡ್ಲಾ ಎಲೆಗಳ ಮೇಲೆಲ್ಲ ಉಪ್ಪಿನ ಹರಳು, ನೆಕ್ಕಿದರೆ ನಾಲಿಗೆ ಉರಿಯುತ್ತದೆ. (ನೆಕ್ಕಿದೆ.) ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ. ಹೆಜ್ಜಾರ್ಲೆಗಳು ಹಾರುವ ಶ್ರಮವನ್ನೂ ಬಿಟ್ಟು ದಡದಲ್ಲಿ ಸಾಲಾಗಿ ಕೂತಿವೆ, ಸಂಘದ ಸದಸ್ಯರ ಹಾಗೆ. ಸೀಗಡಿ ಮರಿಗಳೆಲ್ಲ ಕೆಸರಿನಲ್ಲಿ ಹುದುಗಿ, ಹೊಸನೀರಿಗಾಗಿ ಕಾಯುತ್ತಿವೆ ಎನ್ನುತ್ತಾಳೆ ಅಜ್ಜಿ. ಆ ನೀರು ಒಂದೇ ಸಮನೆ ಬಂದರೆ ಪ್ರಯೋಜನವಿಲ್ಲವಂತೆ. ನುಗ್ಗಿ ಬರಬೇಕಂತೆ. ಬಾಗಿಲು ಬಡಿದು ಎಬ್ಬಿಸಬೇಕಂತೆ. ಮೆಲ್ಲಗೆ ಬಂದು ಪಿಸುಗುಟ್ಟಿದರೆ ಸೀಗಡಿ ಏಳುವುದಿಲ್ಲವಂತೆ.

ನೀನು ಬರೆದ 'ಒಂದೇ ಸಮನೆ' ಮಾತನ್ನು ನಾನು ಅವಳಿಗೆ ಓದಿ ಹೇಳಿರಲಿಲ್ಲ. ಆದರೂ ಹೀಗಂದಳು. ಕದ್ದು ಓದಿದ್ದಾಳೆ ಎಂಬ ಅನುಮಾನ ನನಗೆ. ನಿನ್ನ ಕಾಗದಗಳನ್ನು ನಾನು ಇಟ್ಟ ಜಾಗದಲ್ಲಿ ಅವು ಇಟ್ಟ ಹಾಗೆ ಇರುವುದಿಲ್ಲ.

ಸಭೆಯಲ್ಲಿ ರುಜು ಬೀಳುತ್ತದೆ ಅಣ್ಣ. ಎಣಿಸಿ ನೋಡಿದೆ, ಕೈಬೆರಳು ಕಾಲ್ಬೆರಳು ಸಾಲದೆ ಪಕ್ಕದ ಮನೆಯ ಮಗುವಿನ ಬೆರಳನ್ನೂ ಸೇರಿಸಿ ಎಣಿಸಿದೆ. ನಮ್ಮ ಕಡೆ ಕೈಗಳು ಕಡಿಮೆ. ಮೂರು ವರ್ಷ ಖಾಲಿ ತಟ್ಟಿ ನೋಡಿದವರಿಗೆ ನದಿಯ ಮೇಲೆ ನಂಬಿಕೆ ಉಳಿದಿಲ್ಲ. ಇಲಾರಿಯೊ ದೊಡ್ಡಪ್ಪ ನನ್ನ ಮುಂದೆಯೇ ಹೇಳಿದ: "ಬರದೇ ಇರೋ ನೀರಿಗೋಸ್ಕರ ಬರೋ ಮಂಜುಗಡ್ಡೆ ಯಾಕಮ್ಮ ಬಿಡಬೇಕು?" 

ನೀನು ಬಾ. ಸಭೆಯಲ್ಲಿ ನಿಂತು ಆ ಬಂಡೆಯ ಬಿರುಕಿನ ಮರದ ವಿಷಯ ಹೇಳು. ಕಂಪನಿಯವನೇ ಹೇಳಿದರೆ ಕೇಳುತ್ತಾರೆ. ಅಜ್ಜಿಯ ಹೊಸಿಲು ತುಳಿಯಬೇಡ, ಕಿಟಕಿಯಿಂದ ಹಾರಿ ಬಾ. ಹೊಸಿಲು ಅಂದಿದ್ದಾಳೆ, ಕಿಟಕಿ ಅಂದಿಲ್ಲ.

ನಿಕಾ


ಹುಲಿಬಾಯಿ
ಜೂನ್ ೨೨

ನಿಕಾ,

ಬರಲಾರೆ. ಮಳೆಗಾಲದ ಮೊದಲ ನೀರನ್ನು ಅಳೆಯುವುದಕ್ಕೇ ನನ್ನನ್ನು ಇಲ್ಲಿ ಇಟ್ಟಿರುವುದು. ಬಿಟ್ಟು ಬಂದರೆ ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಬಂದವನು ನೀರನ್ನು ಅಳೆದು ಸುಮ್ಮನಿರುತ್ತಾನೆ.

ಮೇಲಿನ ಶಿಖರಗಳಲ್ಲಿ ಮೋಡ ಕಟ್ಟಿದೆ. ಇಲ್ಲಿ ಒಂದು ಹನಿ ಇಲ್ಲ. ತ್ರಿನಿದಾದ್ ತಾತ ನಿನ್ನೆ ಬಂದು, ಬಂಡೆಗೆ ಹೊಸ ಹತ್ತಿ ಅಂಟಿಸಿ, ಗುಡಾರವನ್ನು ಮೇಲಕ್ಕೆ ಹಾಕಿಕೋ ಎಂದ. ಎಷ್ಟು ಮೇಲಕ್ಕೆ ಎಂದೆ. ಆ ಮರ ಇರುವ ಕಡೆ ಕಣ್ಣು ಹಾಯಿಸಿದ.

ಅಜ್ಜಿ ನನ್ನ ವಿಷಯ ಏನಾದರೂ... ಇರಲಿ ಬಿಡು. ಲಾರಿ ಹೊರಡುತ್ತಿದೆ.

ಎವಾರಿಸ್ತೊ


ಗಾರ್ಸಾ ದ್ವೀಪ
ಜುಲೈ ೮

ಅಣ್ಣಾ,

ಇದನ್ನು ಹೇಗೆ ಬರೆಯಬೇಕೋ ತಿಳಿಯದೆ ಮೂರು ಹಾಳೆ ಹರಿದೆ. ಒಂದರಲ್ಲಿ ಬಿರುದಾವಳಿಯಿಂದ ಶುರು ಮಾಡಿದ್ದೆ. ಯಾರಿಗೆ ಬಿರುದು ಕೊಡುವುದೆಂದೇ ಹೊಳೆಯಲಿಲ್ಲ.

ಹಬ್ಬದ ದಿನ ಗಾಳಿ ಸತ್ತುಹೋಗಿತ್ತು. ಅಳಿವೆ ಬಾಣಲೆಯಲ್ಲಿ ಆರಿದ ಎಣ್ಣೆಯ ಹಾಗೆ. ಇಂಜಿನಿಯರ್ ಬಾಲ್ದೆರಾಸ್ ಮುಖ್ಯ ಅತಿಥಿ. ಗೆದ್ದ ಸಂತನಿಗೆ ಹೂವಿನ ಹಾರ ಹಾಕುವ ಗೌರವ ಅವರದು. ನಾವು ಹೊರಟೆವು. ಪಾಬ್ಲೊ ನನ್ನ ಮುಂದೆ ಪೆಟ್ಟಿಗೆಯ ಮೇಲೆ ನಿಂತಿದ್ದ, ಬೆನ್ನು ನನ್ನ ಕಡೆ. ಅವನ ಬೆನ್ನಿಗೆ ಬಣ್ಣ ಹಚ್ಚಿಲ್ಲ ಎನ್ನುವುದು ಅಂದು ನನಗೆ ಗೊತ್ತಾಯಿತು. ಹಿಂದೆ ಬಿದ್ದವನ ಬೆನ್ನನ್ನು ಯಾರು ನೋಡುತ್ತಾರೆ ಎಂದು ಬಿಟ್ಟಿರಬೇಕು.

ಪಡುವಲಿನ ತಿರುವು ದಾಟಿದೆವು. ಪೇದ್ರೊನ ದೋಣಿ ಮುಂದೆ, ಚೆಲಾವೊ ಚಿಕ್ಕಪ್ಪ ಅದರ ಹಿಂಬದಿಯಲ್ಲಿ ನಿಂತು ನಮ್ಮ ಕಡೆ ತಿರುಗಿ ಆಕಳಿಸುತ್ತಿದ್ದ. ನದಿಯ ಕಾಲುವೆ ಅಳಿವೆಗೆ ಬಂದು ಸೇರುವ ಬಾಯಿಯ ಹತ್ತಿರ ನಾವು ಬಂದಾಗ ದಡ ಕಂಡಿತು. ಕ್ರಮದ ಪ್ರಕಾರ ನಮ್ಮವರೆಲ್ಲ ಹುಟ್ಟು ಮೇಲೆತ್ತಿದರು.

ಆಗ ಹಕ್ಕಿಗಳು ಎದ್ದವು. ಮೊದಲು ದೂರದಲ್ಲಿ, ಕಾಲುವೆಯ ಒಳಗೆ ಎಲ್ಲೋ. ಆಮೇಲೆ ಹತ್ತಿರ, ಇನ್ನೂ ಹತ್ತಿರ, ಕಾಂಡ್ಲಾದ ಒಂದೊಂದು ಮರವೂ ತನ್ನ ಮೈಮೇಲಿನ ಬಿಳಿಯನ್ನೆಲ್ಲ ಒಮ್ಮೆಗೇ ಆಕಾಶಕ್ಕೆ ಎಸೆದ ಹಾಗೆ. ಕೊಕ್ಕರೆಗಳು, ಚಮಚಕೊಕ್ಕಿನ ಗುಲಾಬಿ ಹಕ್ಕಿಗಳು, ನೀರುಕಾಗೆಗಳು. ಒಂದೂ ಕೂಗಲಿಲ್ಲ. ರೆಕ್ಕೆಯ ಸದ್ದು ಮಾತ್ರ. ಅದರ ಕೆಳಗೆ ಇನ್ನೊಂದು ಸದ್ದು, ಬಹಳ ಜನ ಬರಿಗಾಲಲ್ಲಿ ಓಡಿಬರುತ್ತಿರುವಂಥದು. ಮೂಗಿಗೆ ಮಣ್ಣಿನ ವಾಸನೆ ಬಂತು. ಇಲ್ಲಿಯ ಕಪ್ಪು ಕೆಸರಿನ ವಾಸನೆಯಲ್ಲ. ನಾನು ಎಂದೂ ಹೋಗದ, ನೀನು ಕೂತಿರುವ ಬೆಟ್ಟದ ವಾಸನೆ.

ಹೊಸನೀರು ಬಂತು ಅಣ್ಣ. ಕಾಲುವೆಯ ಬಾಯಿಂದ, ಕೆಂಪಗೆ, ಮೊಣಕಾಲೆತ್ತರದ ನೊರೆಯ ಗೋಡೆಯಾಗಿ, ಎಲೆ ಕೊಂಬೆ ಕಾಯಿ ಕಸವನ್ನೆಲ್ಲ ತಲೆಯ ಮೇಲೆ ಹೊತ್ತು. ಎದುರಿಗಿದ್ದ ಸತ್ತ ಹಸಿರು ನೀರನ್ನು ಚಾಪೆ ಸುತ್ತುವ ಹಾಗೆ ಸುತ್ತುತ್ತ ಬಂತು. ಹಬ್ಬದ ದಿನವೇ ಅದು ಬಂದದ್ದನ್ನು ನಮ್ಮಲ್ಲಿ ಬದುಕಿರುವವರು ಯಾರೂ ಕಂಡಿಲ್ಲ. ನಮ್ಮ ದೋಣಿಯನ್ನು ಕೆಳಗಿನಿಂದ ಯಾರೋ ಅಂಗೈಯಲ್ಲಿ ಎತ್ತಿದ ಹಾಗಾಯಿತು. ಹುಟ್ಟುಗಳೆಲ್ಲ ಇನ್ನೂ ಆಕಾಶಕ್ಕೆ ಎತ್ತಿದ ಹಾಗೇ ಇವೆ, ಯಾರಿಗೂ ಇಳಿಸಲು ತೋಚಲಿಲ್ಲ. ಹಾಗೆ ಎತ್ತಿಕೊಂಡೇ, ಒಬ್ಬರೂ ಹುಟ್ಟು ಹಾಕದೆ, ನಾವು ಚೆಲಾವೊ ಚಿಕ್ಕಪ್ಪನ ಪಕ್ಕದಿಂದ ಹಾದು, ಪೇದ್ರೊನನ್ನು ಹಿಂದೆ ಹಾಕಿ, ದಡಕ್ಕೆ ಹೋಗಿ ನಿಂತೆವು. ಪಾಬ್ಲೊ ಗೆದ್ದ.

ಊರಿಗೆ ಊರೇ ದಡದಲ್ಲಿ ಕಲ್ಲಾಗಿತ್ತು. ಬ್ಯಾಂಡಿನವರು ನಿಲ್ಲಿಸಿದರು. ಪಾಪ, ಇಂಜಿನಿಯರಿಗೆ ಏನು ಗೊತ್ತು? ಸಂಭ್ರಮದಿಂದ ಮುಂದೆ ಬಂದು ಪಾಬ್ಲೊನ ಕೊರಳಿಗೆ ಹಾರ ಹಾಕಿ ಚಪ್ಪಾಳೆ ತಟ್ಟಿದರು. ಒಬ್ಬರೇ. ಆ ಚಪ್ಪಾಳೆ ಅಳಿವೆಯ ಆಚೆ ದಡ ಮುಟ್ಟಿ ವಾಪಸು ಬಂದದ್ದು ನಮಗೆಲ್ಲ ಕೇಳಿಸಿತು. ಹೆಂಗಸರು ಅಳಲು ಶುರು ಮಾಡಿದರು. ಪಾಬ್ಲೊ ಗೆದ್ದಮೇಲೆ ಸೀಗಡಿ ಎಲ್ಲಿಯದು?

ಅಜ್ಜಿ ಮಾತ್ರ ನಡೆದುಕೊಂಡು ನೀರಿಗಿಳಿದಳು. ಆ ಮಂಡಿಯಲ್ಲೇ. ಬಗ್ಗಿದಳು. ಕೆಂಪು ನೀರನ್ನು ಬೊಗಸೆಯಲ್ಲಿ ತೆಗೆದು ನಾಲಿಗೆಗೆ ತಾಗಿಸಿದಳು.

ಭಾನುವಾರದ ಸಭೆಯಲ್ಲಿ ಯಾರೂ ಮಂಜುಗಡ್ಡೆಯ ಮಾತೆತ್ತಲಿಲ್ಲ. ಒಬ್ಬರು ಪಾಬ್ಲೊನ ದೋಣಿಯವರಿಗೆ ಶಿಕ್ಷೆಯಾಗಬೇಕು ಎಂದರು. ಹುಟ್ಟು ಎತ್ತಿದ್ದನ್ನು ಊರೇ ನೋಡಿದೆ, ಅವರ ತಪ್ಪೇನು ಎಂದು ಇನ್ನೊಬ್ಬರು ಎಂದರು. ಇಲಾರಿಯೊ ದೊಡ್ಡಪ್ಪ ಎಲ್ಲರನ್ನೂ ಮಾತಾಡಲು ಬಿಟ್ಟು ಕೊನೆಗೆ ಎದ್ದ. ಕೈಯಲ್ಲಿ ಟೋಪಿ.

"ಬರಲ್ಲ ಅಂದಿದ್ದೆ ನಾನು, ಆ ನೀರು," ಅಂದ. "ಅದು ಬಂದ ಒಂದೇ ಗಳಿಗೇಲಿ ಸಂತರ ಸಾಲೇ ಹಿಂದುಮುಂದಾಯ್ತು. ಬಂದ್ರೇ ಹಿಂಗೆ. ಇನ್ನು ಅದನ್ನ ಬರದ ಹಾಗೆ ಕಟ್ಟಿಹಾಕಿದ್ರೆ ಏನೇನು ಹಿಂದುಮುಂದಾಗುತ್ತೋ, ರುಜು ಹಾಕೋ ಧೈರ್ಯ ನನ್ನ ಕೈಗಿಲ್ಲ. ನಿಮ್ಮ ಕೈಗಿದ್ರೆ ಎತ್ತಿ."

ಒಂದು ಕೈಯೂ ಏಳಲಿಲ್ಲ.

ಇಂಜಿನಿಯರು ತಮ್ಮ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಮತ್ತೆ ಬರುತ್ತಾರೆ, ಗೊತ್ತು. ಹೋಗುವಾಗ ನನ್ನ ಹತ್ತಿರ ನಿಂತು, ಬೇಸರದಿಂದಲ್ಲ, ನಿಜಕ್ಕೂ ತಿಳಿಯದೆ ಕೇಳಿದರು: "ಗೆದ್ದಿದ್ದಕ್ಕೆ ಎಲ್ಲರೂ ಯಾಕಮ್ಮ ಅತ್ತರು?"

ನಾನು ಅವರ ಚೀಲವನ್ನು ದೋಣಿಗೆ ಎತ್ತಿಕೊಟ್ಟೆ.

ನಿಕಾ


ಹುಲಿಬಾಯಿ
ಆಗಸ್ಟ್ ೨

ನಿಕಾ,

ನೀನು ನೋಡಿದ ನೀರನ್ನು ನಾನು ನಿನಗಿಂತ ಮುಂಚೆ ನೋಡಿದೆ.

ಅದು ಬರುವಾಗ ನಾನು ತೊಟ್ಟಿಲಲ್ಲಿ, ನದಿಯ ನಡುವೆ. ಮೊದಲು ನೆಲ ನಡುಗಿ ಹಗ್ಗ ಹಾಡತೊಡಗಿತು. ಕಮರಿಯ ತಿರುವಿನಲ್ಲಿ ನೀರು ಕಾಣಿಸಲಿಲ್ಲ. ಮರಗಳು ಕಾಣಿಸಿದವು, ನಿಂತ ಹಾಗೇ ನಡೆದುಕೊಂಡು ಬರುತ್ತಿದ್ದವು. ದಡಕ್ಕೆ ಹೇಗೆ ಎಳೆದುಕೊಂಡೆನೋ ತಿಳಿಯದು. ಯಂತ್ರ ಹೋಯಿತು, ತೊಟ್ಟಿಲು ಹೋಯಿತು, ಹಗ್ಗ ಹೋಯಿತು, ನಿನ್ನ ಬೂಟಿನಲ್ಲಿ ಒಂದು ಹೋಯಿತು. ಮೇಲೆ ಬಂದು ತ್ರಿನಿದಾದ್ ತಾತನ ಪಕ್ಕದಲ್ಲಿ ಕೂತೆ. ಬಿರುಕಿನಲ್ಲಿದ್ದ ಆ ಹಳೆಯ ಮರವನ್ನು ನೀರು ಎತ್ತಿಕೊಂಡು ಹೋಯಿತು, ಮರೆತುಹೋಗಿದ್ದನ್ನು ನೆನಪು ಮಾಡಿಕೊಂಡು ತೆಗೆದುಕೊಂಡ ಹಾಗೆ. ತಾತ ಟೋಪಿ ತೆಗೆದ. ನಾನೂ ತೆಗೆದೆ.

"ಎಷ್ಟು ಅಂತ ಈಗ ಹೇಳು ಅದಕ್ಕೆ," ಅಂದ.

ನಾನು ಅಳತೆಯ ಪುಸ್ತಕವನ್ನು ಮುಚ್ಚಿ ಜೇಬಿಗೆ ಹಾಕಿದೆ.

ಕಂಪನಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ಹೊಸ ಯಂತ್ರ ಕಳಿಸುತ್ತೇವೆ, ಮುಂದುವರಿಸು ಎಂದಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ.

ಒಂದು ವಿಷಯ ನನಗೆ ಅರ್ಥವಾಗಲಿಲ್ಲ. ಆ ಕಾಲುವೆಯ ಬಾಯಲ್ಲಿ ಅಪ್ಪನ ಜೊತೆ ಬಲೆ ಹಾಕಿಯೇ ಬೆಳೆದವನು ನಾನು. ಹೊಸನೀರು ಅಲ್ಲಿ ಎಡಕ್ಕೆ ತಳ್ಳುತ್ತದೆ, ಯಾವತ್ತೂ. ತಾನೇ ತೇಲಿದ ದೋಣಿಯನ್ನು ಅದು ಕಾಂಡ್ಲಾ ಪೊದೆಗೆ ಒಯ್ದು ಹಾಕಬೇಕಿತ್ತು. ನೀವು ಬಲಕ್ಕೆ, ದಡಕ್ಕೆ ಹೇಗೆ ಬಂದಿರಿ?

ಎವಾರಿಸ್ತೊ


ಗಾರ್ಸಾ ದ್ವೀಪ
ಸೆಪ್ಟೆಂಬರ್ ೧೧

ಅಣ್ಣಾ,

ಮೊದಲು ತಟ್ಟಿಯ ಸುದ್ದಿ.

ನಿನ್ನೆ ಬೆಳಗಿನ ಇಳಿತದಲ್ಲಿ ಹಂಗಾಮು ತೆರೆದೆವು. ಯಾರಿಗೂ ಆಸೆ ಇರಲಿಲ್ಲ. ಪಾಬ್ಲೊ ಗೆದ್ದ ವರ್ಷವಲ್ಲವೇ, ಅರ್ಧ ಜನ ಬುಟ್ಟಿಯನ್ನೇ ತಂದಿರಲಿಲ್ಲ. ಕೋಲಿನ ತಟ್ಟಿಯ ಹಿಂದೆ ನೀರು ಇಳಿಯತೊಡಗಿತು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಮಳೆ ಬಿದ್ದ ಹಾಗೆ ಚುಕ್ಕೆ ಚುಕ್ಕೆ. ತಲೆಯೆತ್ತಿ ನೋಡಿದರೆ ಮೋಡವೇ ಇಲ್ಲ. ಕೆಳಗಿನಿಂದ ಬೀಳುತ್ತಿದ್ದ ಮಳೆ ಅದು. ಸೀಗಡಿ ನೆಗೆಯುತ್ತಿದ್ದವು. ಹತ್ತಿರ, ಆಚೆ, ಕಾಲುವೆಯ ತಿರುವಿನವರೆಗೂ, ಕಣ್ಣು ಹರಿದಷ್ಟು ದೂರ, ಗಾಜಿನ ಚೂರುಗಳು ಬಿಸಿಲಿಗೆ ಎದ್ದೆದ್ದು ಬೀಳುವ ಹಾಗೆ. ತಟ್ಟಿ ನರಳಿತು. ಚೆಲಾವೊ ಚಿಕ್ಕಪ್ಪ ಸೊಂಟದ ಮಟ್ಟ ನೀರಲ್ಲಿ ನಿಂತವನು ಬಲೆ ಹಾಕುವುದನ್ನು ಮರೆತು ಅಂಗೈ ಚಾಚಿದ. ಅಂಗೈಗೇ ಬಂದು ಬಿದ್ದವು. ಯಾರೂ ಕೇಕೆ ಹಾಕಲಿಲ್ಲ. ಇಗರ್ಜಿಯೊಳಗೆ ಇದ್ದ ಹಾಗೆ ಇದ್ದೆವು. 'ಪಾಬ್ಲೊ ಗೆದ್ದರೆ ಸೀಗಡಿ ಇಲ್ಲ' ಎಂದು ಹಿರಿಯರು ಹೇಳಿದ್ದು ಸುಳ್ಳಾಯಿತಲ್ಲ, ಹಾಗಾದರೆ ನಾವಿಷ್ಟು ದಿನ ನಂಬಿದ್ದು ಯಾವುದನ್ನು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲೂ ಹೆದರುತ್ತಿದ್ದೆವು.

ಇಲಾರಿಯೊ ದೊಡ್ಡಪ್ಪ ಹೋಟೆಲಿನ ಮಕ್ಕಳಿಗೆ ಫೋನು ಮಾಡಿದ್ದಾನೆ. ಬರುತ್ತಾರೋ ಇಲ್ಲವೋ ತಿಳಿಯದು. ಮಾತಾಡಿದಮೇಲೂ ಫೋನನ್ನು ಕಿವಿಯಿಂದ ತೆಗೆಯದೆ ಕೂತಿದ್ದ.

ಸಂಜೆ ಅಜ್ಜಿ ಸಾರು ಮಾಡಿದಳು. ರೊಟ್ಟಿ ತಟ್ಟುತ್ತ, ಒಲೆಯ ಕಡೆ ಮುಖ ಮಾಡಿಕೊಂಡೇ, "ಎವಾರಿಸ್ತೊಗೆ ಬರಿ, ಹೊಸ ಯಂತ್ರ ಬಂದ್ರೂ ಬರದಿದ್ರೂ, ಸೀಗಡಿ ಇರೋವಾಗಲೇ ಬರಬೇಕಂತೆ ಅಂತ," ಅಂದಳು. ಹೆಸರು ಹಿಡಿದೇ ಅಂದಳು. ರೊಟ್ಟಿ ಕರಕಾಯಿತು. ಇಬ್ಬರೂ ಅದನ್ನೇ ತಿಂದೆವು.

ಇನ್ನು ನಿನ್ನ ಪ್ರಶ್ನೆ. ಊರಿನಲ್ಲಿ ಯಾರಿಗೂ ಹೊಳೆಯದ್ದು ಅಷ್ಟು ದೂರ ಕೂತ ನಿನಗೆ ಹೊಳೆಯಿತಲ್ಲ, ಹಾಳಾಗಿಹೋಗಲಿ ನಿನ್ನ ಅಳತೆ.

ನೀರು ಬಂದದ್ದು ನಿಜ. ಅದು ಎತ್ತಿದ್ದು ನಿಜ. ಎಡಕ್ಕೆ ತಳ್ಳಿದ್ದೂ ನಿಜ. ಹುಟ್ಟು ಎತ್ತಿದವರು ಮುಂದೆ ಕೂತವರು. ಹಿಂದಿನ ಚುಕ್ಕಾಣಿ ಹುಟ್ಟನ್ನು ಎತ್ತುವ ಕ್ರಮವಿಲ್ಲ. ಅದು ನೀರಿನಲ್ಲೇ ಇತ್ತು, ನನ್ನ ಕೈಯಲ್ಲಿ. ಪೊದೆಯ ಕಡೆ ಹೋಗುತ್ತಿದ್ದ ದೋಣಿಯನ್ನು ನಾನು ಬಲಕ್ಕೆ ತಿರುಗಿಸಿದೆ. ಸ್ವಲ್ಪವೇ. ಉಳಿದದ್ದನ್ನು ನದಿ ಮಾಡಿತು.

ನದಿಯನ್ನು ಉಳಿಸಲು ಹಾಗೆ ಮಾಡಿದೆ ಎಂದು ಬರೆದರೆ ನಿನಗೂ ಚೆನ್ನಾಗಿರುತ್ತದೆ, ನನಗೂ ಚೆನ್ನಾಗಿರುತ್ತದೆ. ಆದರೆ ಆ ಗಳಿಗೆಯಲ್ಲಿ ನನಗೆ ಅಣೆಕಟ್ಟು ನೆನಪಿರಲಿಲ್ಲ, ಸಭೆ ನೆನಪಿರಲಿಲ್ಲ, ನೀನೂ ನೆನಪಿರಲಿಲ್ಲ. ಚೆಲಾವೊ ಚಿಕ್ಕಪ್ಪ ಆಕಳಿಸುತ್ತಿದ್ದ. ನನಗೆ ಗೆಲ್ಲಬೇಕು ಅನ್ನಿಸಿತು, ಅಷ್ಟೆ.

ನಿಕಾ